ಯು.ಪಿ. ಮಕ್ಕಳಿಗೆ ದೊತೊರ್ನ್: ಯಾವ ದಾರಿ ಯಾರಿಗೆ ಹೊಂದುತ್ತದೆ?

ಜೂನ್ ಹತ್ತಿರ ಬಂತೆಂದರೆ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ವರ್ಕಾಡಿ, ಕುಂಬಳೆ, ಬೇಳ ಕಡೆಯವರು ದೊತೊರ್ನ್, ಅಂದರೆ ಚರ್ಚಿನ ಧರ್ಮಶಿಕ್ಷಣದ ಬಗ್ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. "ಈ ವರ್ಷ ಆರನೇ ಕ್ಲಾಸಿನ ದೊತೊರ್ನ್ ನನಗೆ ವಹಿಸಿದ್ದಾರೆ. ಪಠ್ಯಪುಸ್ತಕ ಓದಿಸಿದರೆ ಸಾಕಾ, ಬೇರೆ ಏನಾದರೂ ಮಾಡಬೇಕಾ?" "ಮಗಳು ಇಂಗ್ಲಿಷ್ ಮೀಡಿಯಂ. ಕೊಂಕಣಿಯಲ್ಲಿ ಹೇಳಿಕೊಟ್ಟರೆ ತಲೆಯಾಡಿಸುತ್ತಾಳೆ, ಒಳಗೆ ಏನೂ ಹೋಗಿರುವುದಿಲ್ಲ." "ಚರ್ಚ್ ದೂರ, ಮಳೆಗಾಲದಲ್ಲಿ ಕಳಿಸುವುದು ಕಷ್ಟ. ಮನೆಯಲ್ಲೇ ಕಲಿಸಿದರೆ ಆಗುತ್ತದಾ?"

ಯು.ಪಿ. (ಅಪ್ಪರ್ ಪ್ರೈಮರಿ), ಅಂದರೆ ಐದರಿಂದ ಏಳನೇ ತರಗತಿವರೆಗಿನ ಕಥೋಲಿಕ ಮಕ್ಕಳಿಗೆ ಧರ್ಮಶಿಕ್ಷಣ ಕೊಡಲು ನಮ್ಮ ಮುಂದೆ ಐದಾರು ದಾರಿಗಳಿವೆ. ಪ್ರತಿಯೊಂದಕ್ಕೂ ಅದರದೇ ಬಲ ಇದೆ, ಅದರದೇ ಕೊರತೆ ಇದೆ. ಭಾನುವಾರದ ಕ್ಲಾಸು ತೆಗೆದುಕೊಳ್ಳುವ ಟೀಚರ್ ಆಗಿ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಮಗು ಪ್ರಶ್ನೆ ಕೇಳಲು ಶುರು ಮಾಡುತ್ತದೆ. ಆ ಪ್ರಶ್ನೆಗೆ ಜಾಗ ಕೊಡುವ ದಾರಿಯೇ ನನಗೆ ಒಳ್ಳೆಯ ದಾರಿ. ಉಳಿದದ್ದೆಲ್ಲ ಅದರ ನಂತರ.

2020ರಲ್ಲಿ ವ್ಯಾಟಿಕನ್ ಹೊರಡಿಸಿದ ಧರ್ಮಶಿಕ್ಷಣದ ಮಾರ್ಗಸೂಚಿಯೂ ಸುಮಾರು 10ರಿಂದ 14 ವರ್ಷದ ಮಕ್ಕಳನ್ನು ಬೇರೆಯಾಗಿಯೇ ನೋಡುತ್ತದೆ. ಚಿಕ್ಕಂದಿನಲ್ಲಿ ಪಡೆದ ದೇವರ ಕಲ್ಪನೆಯನ್ನು ಮಗು ಈ ಹೊತ್ತಿನಲ್ಲಿ ಹೊಸದಾಗಿ ಕಟ್ಟಿಕೊಳ್ಳುತ್ತದೆ. ಎಲ್.ಪಿ. (ಒಂದರಿಂದ ನಾಲ್ಕನೇ ತರಗತಿ) ಮಗುವಿಗೆ "ದೇವರು ನೋಡ್ತಾ ಇದ್ದಾರೆ" ಎಂದರೆ ಸಾಕು. ಯು.ಪಿ.ಗೆ ಬಂದ ಮಗು "ಡೈನೋಸಾರ್ ಮೊದಲಾ, ಆದಾಮ ಮೊದಲಾ?" ಎಂದು ಕೇಳುತ್ತದೆ. "ನನ್ನ ಬೆಂಚಿನಲ್ಲಿ ಕೂರುವ ಗೆಳತಿ ಮುಸ್ಲಿಂ. ಅವಳು ಸ್ವರ್ಗಕ್ಕೆ ಹೋಗಲ್ವಾ?" ಎಂದು ಕೇಳುತ್ತದೆ. ಇನ್ನೊಂದು ತೊಡಕೂ ಇದೆ. ಮೊದಲ ಪರಮಪ್ರಸಾದ (ಫಸ್ಟ್ ಕಮ್ಯೂನಿಯನ್) ಮುಗಿದಿರುತ್ತದೆ, ಬಿಷಪ್ ಬಂದು ಕೊಡುವ ದೃಢೀಕರಣ (ಕನ್ಫರ್ಮೇಶನ್) ಇನ್ನೂ ಮುಂದೆ ಇರುತ್ತದೆ. ನಡುವಿನ ಈ ವರ್ಷಗಳಲ್ಲಿ ಬಿಳಿ ಫ್ರಾಕ್ ಹೊಲಿಸುವ ಗಡಿಬಿಡಿ ಇಲ್ಲ, ಬಿಷಪ್ ಬರುವ ದಿನಾಂಕ ಇಲ್ಲ. ಹಾಗಾಗಿ ಮನೆಯವರ ಗಮನ ಟ್ಯೂಷನ್ ಕಡೆಗೆ ಹೋಗುತ್ತದೆ. ಮಗುವಿನ ತಲೆಯಲ್ಲಿ ಅತಿ ಹೆಚ್ಚು ಪ್ರಶ್ನೆಗಳಿರುವ ವರ್ಷಗಳಲ್ಲೇ ಕ್ಲಾಸು ಅತಿ ಸಪ್ಪೆಯಾಗುತ್ತದೆ. ಇದು ನನ್ನನ್ನು ನಿಜಕ್ಕೂ ಕಾಡುವ ವಿಷಯ.

ಯಾವುದರಿಂದ ಅಳೆಯುವುದು?

ಮೊದಲ ಅಳತೆ ಆಗಲೇ ಹೇಳಿದ್ದು: ಮಗು ಕೈ ಎತ್ತಿ ಕೇಳಲು ಅವಕಾಶ ಇದೆಯಾ?

ಎರಡನೆಯದು, ಎಲ್ಲವೂ ಬರುತ್ತದಾ ಎಂಬುದು. 1992ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಹೊರತಂದ ಕಥೋಲಿಕ ಧರ್ಮಬೋಧನೆಯ ದೊಡ್ಡ ಗ್ರಂಥ ನಾಲ್ಕು ಭಾಗಗಳಲ್ಲಿದೆ. ನಾವು ಏನನ್ನು ನಂಬುತ್ತೇವೆ, ಅದನ್ನು ಜ್ಞಾನಸ್ನಾನ (ಬ್ಯಾಪ್ಟಿಸಂ), ಪರಮಪ್ರಸಾದದಂಥ ಸಂಸ್ಕಾರಗಳಲ್ಲಿ ಹೇಗೆ ಆಚರಿಸುತ್ತೇವೆ, ಹೇಗೆ ಬಾಳುತ್ತೇವೆ, ಹೇಗೆ ಪ್ರಾರ್ಥಿಸುತ್ತೇವೆ. ಯಾವ ವಿಧಾನ ಹಿಡಿದರೂ ಮೂರು ವರ್ಷದಲ್ಲಿ ಈ ನಾಲ್ಕೂ ಬರಬೇಕು. ಹತ್ತು ಆಜ್ಞೆ ಬಂದು ಪ್ರಾರ್ಥನೆ ಬಾರದಿದ್ದರೆ ಕಷ್ಟ. ಹಾಡು, ಚಟುವಟಿಕೆ ಎಲ್ಲ ಆಗಿ ವಿಶ್ವಾಸ ಪ್ರಮಾಣ ಬಾರದಿದ್ದರೂ ಕಷ್ಟವೇ.

ಮೂರನೆಯದು ಸಮಯ. ಶಾಲಾ ವರ್ಷದಲ್ಲಿ ರಜೆ, ಹಬ್ಬ, ಪರೀಕ್ಷೆ, ಜೋರು ಮಳೆ ಎಲ್ಲ ಕಳೆದರೆ ಕೈಗೆ ಸಿಗುವುದು ಸುಮಾರು 30 ಭಾನುವಾರ. ಒಂದು ಕ್ಲಾಸಿಗೆ 45 ನಿಮಿಷ ಎಂದರೆ ಇಡೀ ವರ್ಷಕ್ಕೆ 22 ಗಂಟೆ ಚಿಲ್ಲರೆ. ಇದರ ಜೊತೆಗೆ ಟೀಚರ್ ಶನಿವಾರ ರಾತ್ರಿ ತಯಾರಿಗೆ ಎಷ್ಟು ಹೊತ್ತು ಕೊಡಬಲ್ಲರು ಎಂಬುದನ್ನೂ ಲೆಕ್ಕ ಹಾಕಿ. ನಮ್ಮಲ್ಲಿ ಕಲಿಸುವವರು ಹೆಚ್ಚಿನವರು ಸಂಬಳ ಇಲ್ಲದೆ ಮಾಡುವವರು. ವಾರವಿಡೀ ಕೆಲಸ ಮಾಡಿ ಬಂದವರಿಗೆ ಮೂರು ಗಂಟೆ ತಯಾರಿ ಬೇಡುವ ವಿಧಾನ ಆಗಸ್ಟಿಗೇ ನಿಂತುಹೋಗುತ್ತದೆ.

ನಾಲ್ಕನೆಯದು, ಕ್ಲಾಸಿನಲ್ಲಿ ಕಲಿತದ್ದಕ್ಕೂ ಭಾನುವಾರದ ಪೂಜೆಗೂ ಸಂಬಂಧ ಇದೆಯಾ? ಕೊನೆಯದು ಖರ್ಚು. ನಿಜ ಹೇಳಬೇಕೆಂದರೆ ಇದು ದೊಡ್ಡ ವಿಷಯವೇ ಅಲ್ಲ, ಕೊನೆಯಲ್ಲಿ ನೋಡೋಣ.

ಒಂದು ಮಾತು ನೆನಪಿರಲಿ. ಯಾವ ಪುಸ್ತಕ ಕಲಿಸಬೇಕು ಎಂಬುದನ್ನು ಟೀಚರ್ ಒಬ್ಬರೇ ತೀರ್ಮಾನಿಸುವಂತಿಲ್ಲ. ಚರ್ಚಿನ ಧರ್ಮಶಿಕ್ಷಣದ ಹೊಣೆ ವಿಗಾರರದ್ದು, ಅಂದರೆ ಆ ಚರ್ಚಿನ ಮುಖ್ಯ ಪಾದ್ರಿಯದ್ದು. ಪಠ್ಯ ಗೊತ್ತಾಗಿದ್ದರೆ ಅದೇ ಬೆನ್ನೆಲುಬು. ನಾವು ಆಯ್ಕೆ ಮಾಡುವುದು ಅದನ್ನು ಕಲಿಸುವ ಬಗೆಯನ್ನು.

ಭಾಷೆಯ ಗಂಟು

ಬೇರೆ ಊರಿನವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ಕಾಸರಗೋಡಿನವರಿಗೆ ಇದೇ ಮೊದಲ ವಿಷಯ. ನಮ್ಮ ಮಗು ಅಮ್ಮನ ಹತ್ತಿರ ಕೊಂಕಣಿ ಮಾತಾಡುತ್ತದೆ, ಬಸ್ ಸ್ಟಾಪಿನಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ ಅಥವಾ ಇಂಗ್ಲಿಷ್, ಅಂಗಡಿಯಲ್ಲಿ ಮಲಯಾಳ. 1956ರಿಂದ ಕೇರಳದಲ್ಲಿದ್ದೇವೆ. ಆದರೆ ಇಲ್ಲಿನ ಕೊಂಕಣಿ ಕಥೋಲಿಕರು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಪೂಜೆ ಕೊಂಕಣಿಯಲ್ಲಿ, ಶಾಲೆಯ ಸುತ್ತೋಲೆ ಮಲಯಾಳದಲ್ಲಿ.

ಕೊಂಕಣಿಯ ದೊಡ್ಡ ಬಲ ಮನೆ. ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳುವಾಗ ಅಜ್ಜಿಯ ಪಕ್ಕ ಕೂತ ಮಗುವಿನ ಬಾಯಿಗೆ 'ಆಮ್ಚ್ಯಾ ಬಾಪಾ', 'ನಮಾನ್ ಮರಿಯೆ' ತಾನಾಗಿ ಬಂದುಬಿಟ್ಟಿರುತ್ತದೆ. ಆ ಪ್ರಾರ್ಥನೆಗಳನ್ನು ಬೇರೆ ಭಾಷೆಗೆ ಬದಲಿಸಲು ದಯವಿಟ್ಟು ಹೋಗಬೇಡಿ. ನಮ್ಮ ಕೊಂಕಣಿಯನ್ನು ಬರೆಯುವುದು ಕನ್ನಡ ಲಿಪಿಯಲ್ಲಿ, ಹಾಗಾಗಿ ಕನ್ನಡ ಮೀಡಿಯಂ ಮಗು ಓದಿಬಿಡುತ್ತದೆ. ತೊಂದರೆ ಬರುವುದು ಇಂಗ್ಲಿಷ್ ಮೀಡಿಯಂ ಮಗುವಿಗೆ. ಮಾತು ಬರುತ್ತದೆ, ಅಕ್ಷರ ಓದಲು ಬರುವುದಿಲ್ಲ. ಪುಸ್ತಕ ಕೈಯಲ್ಲಿ ಹಿಡಿದು ಸುಮ್ನೆ ಕೂತಿರುತ್ತದೆ. ಟೀಚರಿಗೆ ಅದು ಅಸಡ್ಡೆಯಂತೆ ಕಾಣುತ್ತದೆ. ಆ ಮಗುವಿಗೆ ಜೋರಾಗಿ ಓದಲು ಹೇಳಿ ಎಲ್ಲರೆದುರು ನಾಚಿಕೆಪಡಿಸಬೇಡಿ.

ಕನ್ನಡದ ಬಲ ವಿವರಣೆಯಲ್ಲಿದೆ. ಶಾಲೆಯಲ್ಲಿ ಕನ್ನಡದಲ್ಲೇ ಯೋಚಿಸಿ ಬರೆಯುವ ಮಗುವಿಗೆ ಕರುಣೆ, ನ್ಯಾಯ, ಒಡಂಬಡಿಕೆ ಇಂಥ ಮಾತುಗಳು ಕನ್ನಡದಲ್ಲಿ ಬೇಗ ಅರ್ಥವಾಗುತ್ತವೆ. ಇನ್ನೊಂದು ಸಂತೋಷವೂ ಇದೆ. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ಕನ್ನಡದಲ್ಲಿ 'ಗೊಲ್ಗೊಥಾ' ಎಂಬ ಕಾವ್ಯ ಬರೆದರು. ಅದರ ಭಾಷೆ ಆರನೇ ತರಗತಿಗೆ ಕಠಿಣ, ಪಾಠ ಮಾಡಲು ಆಗುವುದಿಲ್ಲ. ಆದರೆ ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ, ಈ ಸಂಗತಿ ಹೇಳಿ ನೋಡಿ. ತನ್ನದೇ ಊರಿನ ಕವಿ, ಕ್ರೈಸ್ತರಲ್ಲದವರು, ಯೇಸುವಿನ ಬಗ್ಗೆ ಬರೆದಿದ್ದಾರೆ ಎಂದರೆ ಮಕ್ಕಳ ಕಣ್ಣು ಅರಳುತ್ತದೆ.

ಪೂರ್ವದ ಗುಡ್ಡಗಾಡಿನ ಕಥೆ ಬೇರೆ. ವೆಳ್ಳರಿಕುಂಡು, ಪಾಣತ್ತೂರು ಕಡೆ ತಿರುವಾಂಕೂರಿನಿಂದ ವಲಸೆ ಬಂದ ಸಿರೋ ಮಲಬಾರ್ ಕುಟುಂಬಗಳಿವೆ, ಕಥೋಲಿಕರೇ, ಆದರೆ ಬೇರೆ ಪೂಜಾ ಪರಂಪರೆಯವರು. ಅವರ ವೇದಪಾಠ ಮಲಯಾಳದಲ್ಲಿ, ಅದೂ 12ನೇ ತರಗತಿವರೆಗೆ ಕ್ರಮವಾಗಿ ನಡೆಯುತ್ತದೆ. ಮದುವೆಯ ಸಂಬಂಧದಿಂದಲೋ ಕೆಲಸದ ವರ್ಗಾವಣೆಯಿಂದಲೋ ಅಂಥ ಮಗು ನಿಮ್ಮ ಕ್ಲಾಸಿಗೆ ಬಂದರೆ ಎರಡು ವಿಷಯ ಗೊತ್ತಿರಲಿ. ಆ ಪರಂಪರೆಯಲ್ಲಿ ದೃಢೀಕರಣವನ್ನು ಜ್ಞಾನಸ್ನಾನದ ಜೊತೆಗೇ ಕೊಡುವ ಕ್ರಮ ಇದೆ. ಅವರ ತಪಸ್ಸು ಕಾಲ ವಿಭೂತಿ ಬುಧವಾರದ ಬದಲು ಸೋಮವಾರವೇ ಶುರುವಾಗುತ್ತದೆ. "ನೀನು ತಪ್ಪು ಹೇಳ್ತಿದ್ದೀಯ" ಎನ್ನುವ ಮೊದಲು ಇದನ್ನು ನೆನಪಿಡಿ. ಒಂದೇ ಕಥೋಲಿಕ ಸಭೆಯಲ್ಲಿ (ಚರ್ಚ್ ಸಮುದಾಯದಲ್ಲಿ) ಬೇರೆ ಬೇರೆ ಪರಂಪರೆಗಳಿವೆ ಎಂದು ಇಡೀ ಕ್ಲಾಸಿಗೆ ಹೇಳಲು ಅದೇ ಒಳ್ಳೆಯ ಸಂದರ್ಭ.

ಇಂಗ್ಲಿಷಿನಲ್ಲಿ ಸಾಮಗ್ರಿ ರಾಶಿ ಸಿಗುತ್ತದೆ, ಹೆಚ್ಚಿನದು ಉಚಿತ. ಆದರೆ ಇಂಗ್ಲಿಷಿನಲ್ಲೇ ಎಲ್ಲ ಕಲಿತ ಮಗು ಮನೆಯ ತೇರ್ಸಿನಿಂದ ದೂರ ಸರಿಯುತ್ತದೆ. ಅದು ದೊಡ್ಡ ನಷ್ಟ.

ನನ್ನ ಆಯ್ಕೆ ಹೀಗೆ: ಪ್ರಾರ್ಥನೆ ಕೊಂಕಣಿಯಲ್ಲಿ, ಓದುವುದು ಮಗುವಿಗೆ ಬರುವ ಲಿಪಿಯಲ್ಲಿ, ಚರ್ಚೆ ಮಗು ಪ್ರಶ್ನೆ ಕೇಳಿದ ಭಾಷೆಯಲ್ಲಿ. ತುಳುವಿನಲ್ಲಿ ಕೇಳಿದರೆ ತುಳುವಿನಲ್ಲೇ ಉತ್ತರ. ಕಲಬೆರಕೆ ಆಗುತ್ತದೆ ಎಂದು ಹೆದರಬೇಡಿ. ನಮ್ಮ ಮಕ್ಕಳು ದಿನವೂ ಹಾಗೆಯೇ ಬದುಕುತ್ತಾರೆ.

ಪ್ರಶ್ನೋತ್ತರ ಬಾಯಿಪಾಠ

ಇದು ಹಳೆಯ ದಾರಿ. 1542ರಲ್ಲಿ ಗೋವಾಕ್ಕೆ ಬಂದ ಸಂತ ಫ್ರಾನ್ಸಿಸ್ ಕ್ಸೇವಿಯರ್ ಬೀದಿಯಲ್ಲಿ ಗಂಟೆ ಬಾರಿಸಿ ಮಕ್ಕಳನ್ನು ಸೇರಿಸಿ ಪ್ರಾರ್ಥನೆ, ಆಜ್ಞೆಗಳನ್ನು ರಾಗವಾಗಿ ಹೇಳಿಸುತ್ತಿದ್ದರು. ಈಗಿನ ಕೆಲವರು ಬಾಯಿಪಾಠ ಎಂದರೆ ಮೂಗು ಮುರಿಯುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಏಳು ಸಂಸ್ಕಾರ, ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಪಾಪನಿವೇದನೆಯ ಪ್ರಾರ್ಥನೆ ಇವು ಈ ವಯಸ್ಸಿನಲ್ಲಿ ಬಾಯಿಗೆ ಬಂದರೆ ಮುಪ್ಪಿನವರೆಗೂ ಮರೆಯುವುದಿಲ್ಲ. ತಯಾರಿಯೂ ಕಡಿಮೆ. ಹೊಸ ಟೀಚರಿಗೆ ಕೈಹಿಡಿಯುವ ದಾರಿ ಇದು. ನಾಲ್ಕೂ ಭಾಗಗಳು ಬರುತ್ತವೆ. 2005ರ ಸಂಕ್ಷಿಪ್ತ ಧರ್ಮಬೋಧನೆ ಕೂಡ 598 ಪ್ರಶ್ನೋತ್ತರಗಳ ರೂಪದಲ್ಲೇ ಇದೆ.

ಕೊರತೆ ಎಲ್ಲಿ? ಪ್ರಶ್ನೆ ಪುಸ್ತಕದ್ದು, ಉತ್ತರವೂ ಪುಸ್ತಕದ್ದು. ಮಗುವಿನದು ಏನೂ ಇಲ್ಲ. "ಸಂಸ್ಕಾರ ಎಂದರೇನು?" ಎಂದು ಕೇಳಿದರೆ ಒಂದೇ ಉಸಿರಿಗೆ ಹೇಳುವ ಹುಡುಗ, "ನಿನಗೆ ಇಲ್ಲಿತನಕ ಎಷ್ಟು ಸಂಸ್ಕಾರ ಆಗಿದೆ?" ಎಂದರೆ ತಡವರಿಸುತ್ತಾನೆ. ಅಲ್ಲಿಗೆ ಗೊತ್ತಾಗುತ್ತದೆ, ಉತ್ತರ ಬಾಯಲ್ಲಿದೆ, ಬದುಕಿಗೆ ಇಳಿದಿಲ್ಲ. ಆದ್ದರಿಂದ ಇದನ್ನು ಕ್ಲಾಸಿನ ಮೊದಲ ಹತ್ತು ನಿಮಿಷಕ್ಕೆ ಇಡಿ, 45 ನಿಮಿಷಕ್ಕೂ ಹಬ್ಬಿಸಬೇಡಿ. ಪ್ರತಿ ಉತ್ತರದ ನಂತರ ಮಗುವಿನ ಬದುಕಿಗೆ ತಾಗುವ ಒಂದು ಪ್ರಶ್ನೆ ನೀವೇ ಸೇರಿಸಿ.

ಆ ಭಾನುವಾರದ ಶುಭಸಂದೇಶ

ನಾವು ಅನುಸರಿಸುವ ಲತೀನ್ ಕ್ರಮದ ಪೂಜೆಯಲ್ಲಿ ಭಾನುವಾರದ ಬೈಬಲ್ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತುತ್ತವೆ. ಒಂದು ವರ್ಷ ಮುಖ್ಯವಾಗಿ ಮತ್ತಾಯ ಬರೆದ ಶುಭಸಂದೇಶ (ಯೇಸುವಿನ ಬದುಕು, ಬೋಧನೆಯ ಪುಸ್ತಕ), ಮುಂದಿನ ವರ್ಷ ಮಾರ್ಕ, ಆಮೇಲೆ ಲೂಕ. ಯೋವಾನ್ನ ನಡುನಡುವೆ ಬರುತ್ತಾನೆ, ಮುಖ್ಯವಾಗಿ ತಪಸ್ಸು ಕಾಲ ಮತ್ತು ಈಸ್ಟರ್ ಕಾಲದಲ್ಲಿ. ಯು.ಪಿ. ಕೂಡ ಮೂರು ವರ್ಷವೇ, ಅಲ್ವಾ? ಐದಕ್ಕೆ ಸೇರಿದ ಮಗು ಏಳು ಮುಗಿಸುವಷ್ಟರಲ್ಲಿ ಮೂರೂ ಶುಭಸಂದೇಶಗಳ ಪರಿಚಯ ಆಗಿರುತ್ತದೆ.

ಆ ಭಾನುವಾರದ ವಾಚನವನ್ನೇ ಕ್ಲಾಸಿನ ಪಾಠ ಮಾಡುವುದು ನನಗೆ ಅತಿ ಇಷ್ಟದ ದಾರಿ. ಒಂದು ಉದಾಹರಣೆ ನೋಡಿ. ಮತ್ತಾಯನ ವರ್ಷದ ಸೆಪ್ಟೆಂಬರ್ ಹೊತ್ತಿಗೆ ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿ (ಯೇಸು ಹೇಳಿದ ನೀತಿಕಥೆ) ಬರುತ್ತದೆ. ಬೆಳಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ, ಒಂದೊಂದು ದಿನಾರಿ. ಆ ಕಾಲಕ್ಕೆ ಅದು ಒಂದು ದಿನದ ಕೂಲಿ. ಇದನ್ನು ನಮ್ಮ ಮಕ್ಕಳ ಮುಂದೆ ಓದಿ ನಿಲ್ಲಿಸಿ. ಅರ್ಧ ಮಕ್ಕಳ ಮನೆಯಲ್ಲಿ ಅಡಿಕೆ ತೋಟ ಇರುತ್ತದೆ, ಇನ್ನರ್ಧ ಮಕ್ಕಳ ಅಪ್ಪ ಅಮ್ಮ ಅದೇ ತೋಟಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಒಬ್ಬ ತಕ್ಷಣ ಹೇಳುತ್ತಾನೆ: "ಟೀಚರ್, ಅದು ಅನ್ಯಾಯ ಅಲ್ವಾ? ಹಾಗೆ ಕೊಟ್ಟರೆ ನಾಳೆ ಬೆಳಗ್ಗೆ ಯಾರು ಬರ್ತಾರೆ?" ಇನ್ನೊಬ್ಬಳು ಮೆಲ್ಲಗೆ ಹೇಳುತ್ತಾಳೆ: "ಸಂಜೆ ಬಂದವರ ಮನೆಯಲ್ಲೂ ಅನ್ನ ಮಾಡ್ಬೇಕಲ್ಲ." ಕ್ಲಾಸು ಎರಡು ಪಕ್ಷ ಆಗುತ್ತದೆ. ಆಗ ನೀವು ಕೇಳಬೇಕಾದ್ದು ಒಂದೇ: "ಸಂಜೆತನಕ ಅವರನ್ನು ಯಾಕೆ ಯಾರೂ ಕರೆದಿರಲಿಲ್ಲ?" ಉತ್ತರ ಶುಭಸಂದೇಶದಲ್ಲೇ ಇದೆ, ಹುಡುಕಲಿ. ದೇವರ ಕೃಪೆ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸಲು ನನಗೆ ತಿಳಿದಿಲ್ಲ. ಅದೇ ವಾಚನವನ್ನು ಮಗು ಪೂಜೆಯಲ್ಲೂ ಕೇಳುತ್ತದೆ. ಫಾದರ್ ಪ್ರಸಂಗ ಶುರು ಮಾಡಿದರೆ ಕಿವಿ ನೆಟ್ಟಗಾಗುತ್ತದೆ.

ಇದರ ಬೆಲೆ ತಯಾರಿ. ಶನಿವಾರ ಒಂದು ಗಂಟೆಯಾದರೂ ವಾಚನದ ಜೊತೆ ಕೂರಬೇಕು. ಇನ್ನೊಂದು, ವಾಚನಗಳು ಪಾಠಪುಸ್ತಕದ ಕ್ರಮದಲ್ಲಿ ಬರುವುದಿಲ್ಲ. ಕೆಲವು ವಿಷಯಗಳು, ಮುಖ್ಯವಾಗಿ ಸಂಸ್ಕಾರಗಳು ಮತ್ತು ಆಜ್ಞೆಗಳು, ಚದುರಿಹೋಗುತ್ತವೆ. ಹಾಗಾಗಿ ಬರೀ ಇದನ್ನೇ ನೆಚ್ಚಿಕೊಂಡರೆ ಎರಡನೇ ಅಳತೆಯಲ್ಲಿ ಸೋಲುತ್ತದೆ. ಪೂಜೆ ಮುಗಿದ ಮೇಲೆ ಕ್ಲಾಸು ಇರುವ ಚರ್ಚಿಗೆ ಇದು ಚೆನ್ನ. ಕ್ಲಾಸು ಶನಿವಾರ ಸಂಜೆ ಇದ್ದರೆ ಇನ್ನೂ ಚೆನ್ನ.

ಬೈಬಲನ್ನು ಕಥೆಯಾಗಿ ಹೇಳುವುದು

ಅಬ್ರಹಾಮನಿಂದ ಹಿಡಿದು ಪ್ರೇಷಿತರ (ಯೇಸುವಿನ ಶಿಷ್ಯರ) ಕಾಲದವರೆಗೆ ಒಂದೇ ಕಥೆಯಾಗಿ ಹೇಳಿಕೊಂಡು ಹೋಗುವುದು. ಐದನೇ ತರಗತಿಗೆ ಇದು ಬಹಳ ಹೊಂದುತ್ತದೆ. ಮಕ್ಕಳಿಗೆ ಜೋಸೆಫ ಗೊತ್ತು, ಮೋಶೆ ಗೊತ್ತು, ದಾವೀದ ಗೊತ್ತು, ಆದರೆ ಯಾರು ಮೊದಲು ಯಾರು ಆಮೇಲೆ ಎಂದು ಗೊತ್ತಿಲ್ಲ. ಗೋಡೆಯ ಮೇಲೆ ಹಗ್ಗ ಕಟ್ಟಿ ವಾರಕ್ಕೊಂದು ಚೀಟಿ ನೇತುಹಾಕುತ್ತಾ ಹೋದರೆ ಮಾರ್ಚಿನಲ್ಲಿ ಇಡೀ ಕಥೆ ಕಣ್ಣೆದುರಿರುತ್ತದೆ. ಮಗು ಒಂದು ವಾರ ತಪ್ಪಿಸಿದರೂ ಹಗ್ಗ ನೋಡಿ ಹಿಡಿದುಕೊಳ್ಳುತ್ತದೆ.

ಏಳನೇ ತರಗತಿಗೆ ಇದೊಂದೇ ಸಾಲದು. ಅಲ್ಲಿ "ಹೀಗೆ ನಡೆಯಿತು" ಎಂಬುದರ ಹಿಂದೆಯೇ "ನಿಜವಾಗಿ ನಡೆಯಿತಾ?" ಬರುತ್ತದೆ. ಸೃಷ್ಟಿಯ ಕಥೆ ಹೇಳುವಾಗ ಇದಕ್ಕೆ ತಯಾರಾಗಿರಿ. ಆರು ದಿನಗಳ ವರ್ಣನೆಯನ್ನು ವಿಜ್ಞಾನದ ಪಾಠದಂತೆ ಓದಬೇಕೆಂದು ಕಥೋಲಿಕ ಸಭೆ ಹೇಳುವುದಿಲ್ಲ. ಎಲ್ಲವೂ ದೇವರಿಂದ ಬಂದಿದೆ, ಎಲ್ಲವೂ ಒಳ್ಳೆಯದಾಗಿತ್ತು ಎಂಬುದು ಆ ಕಥೆಯ ತಿರುಳು. ಬ್ರಹ್ಮಾಂಡ ಹಿಗ್ಗುತ್ತಿದೆ ಎಂದು 1927ರಲ್ಲಿ ಬರೆದ ಜಾರ್ಜ್ ಲೆಮೇತ್ರ್ ಒಬ್ಬ ಕಥೋಲಿಕ ಪಾದ್ರಿ. ಬಟಾಣಿ ಗಿಡಗಳನ್ನು ಬೆಳೆಸಿ ಅನುವಂಶೀಯತೆಯ ನಿಯಮ ಕಂಡುಕೊಂಡ ಮೆಂಡೆಲ್ ಒಬ್ಬ ಸನ್ಯಾಸಿ. ಈ ಎರಡು ಹೆಸರುಗಳನ್ನು ಮಕ್ಕಳಿಗೆ ಕೊಟ್ಟರೆ ವಿಜ್ಞಾನದ ಪುಸ್ತಕಕ್ಕೂ ಬೈಬಲಿಗೂ ಜಗಳ ಎಂಬ ಹೆದರಿಕೆ ಅರ್ಧ ಇಳಿಯುತ್ತದೆ.

ಬೇರೆ ಧರ್ಮದ ಗೆಳೆಯರ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡುತ್ತೇನೆ, ಅದು ಬಂದೇ ಬರುತ್ತದೆ. ಬೇರೆ ಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ಸಭೆ ತಳ್ಳಿಹಾಕುವುದಿಲ್ಲ ಎಂದು ಎರಡನೇ ವ್ಯಾಟಿಕನ್ ಸಮ್ಮೇಳನ 1965ರಲ್ಲಿ ಹೇಳಿದೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಅರಸಿ, ಮನಸ್ಸಾಕ್ಷಿಯಂತೆ ನಡೆದರೆ ಅವರಿಗೂ ರಕ್ಷಣೆ ಸಾಧ್ಯ ಎಂಬುದು ಸಭೆಯ ಬೋಧನೆ. ಯೇಸುವಿನಲ್ಲೇ ನಮ್ಮ ರಕ್ಷಣೆ ಎಂಬುದನ್ನು ಬಿಟ್ಟುಕೊಡದೆ, ಗೆಳತಿಯ ಬಗ್ಗೆ ಕೀಳಾಗಿ ಒಂದು ಮಾತೂ ಆಡದೆ ಇದನ್ನು ಹೇಳಬಹುದು. ಉರೂಸು, ನೇಮ, ಚರ್ಚಿನ ಹಬ್ಬ ಎಲ್ಲ ಪಕ್ಕಪಕ್ಕದಲ್ಲೇ ನಡೆಯುವ ಊರು ನಮ್ಮದು. ಈ ಉತ್ತರವನ್ನು ಟೀಚರ್ ಮೊದಲೇ ಸರಿಯಾಗಿ ಕಲಿತಿರಬೇಕು.

ಹಬ್ಬ, ಆಚರಣೆ, ಸೇವೆ

ಕೆಲವು ಮಕ್ಕಳಿಗೆ ಕೂತು ಕೇಳಲು ಆಗುವುದೇ ಇಲ್ಲ. ಅವರಿಗೆ ಕೈಕಾಲಿನಿಂದ ಕಲಿಸಬೇಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮರಿಯಮ್ಮನ ಹುಟ್ಟುಹಬ್ಬ, ಇದಕ್ಕೆ ಹೇಳಿ ಮಾಡಿಸಿದ್ದು. ಹಬ್ಬಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಬಾಲ ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆ ಚರ್ಚಿನಲ್ಲಿ ಆಶೀರ್ವಾದವಾಗಿ ಮನೆಗೆ ಬರುತ್ತದೆ. ಕಾಳು ಸುಲಿದು, ಪುಡಿ ಮಾಡಿ, ಹಾಲಿಗೆ ಹಾಕಿ ಎಲ್ಲರೂ ಒಟ್ಟಿಗೆ ಕುಡಿಯುತ್ತಾರೆ. ಅದೇ ತೆನೆ ಕ್ಲಾಸಿಗೆ ತನ್ನಿ. "ಇದು ಯಾರು ಕೊಟ್ಟದ್ದು? ಮೊದಲ ಬೆಳೆ ದೇವರಿಗೆ ಯಾಕೆ? ಪಕ್ಕದ ಮನೆಯವರೂ ಹೊಸ ಅಕ್ಕಿ ಊಟ ಮಾಡ್ತಾರಲ್ಲ, ಅವರು ಯಾರಿಗೆ ಕೃತಜ್ಞತೆ ಹೇಳ್ತಾರೆ?" ಎಂದು ಕೇಳಿ. ಹಳೆಯ ಒಡಂಬಡಿಕೆಯ ಮೊದಲ ಫಲದ ಕಾಣಿಕೆಯಿಂದ ಹಿಡಿದು ಪರಮಪ್ರಸಾದದ ರೊಟ್ಟಿಯವರೆಗೆ ಮಾತು ಹರಿಯುತ್ತದೆ.

ಕರ್ನಾಟಕದ ಗಡಿ ದಾಟಿದರೆ ಮುಡಿಪು ಎಂಬ ಊರಿದೆ. ಅಲ್ಲಿ ಸಂತ ಜೋಸೆಫ್ ವಾಜರ ಪುಣ್ಯಕ್ಷೇತ್ರ. 1651ರಲ್ಲಿ ಗೋವಾದಲ್ಲಿ ಹುಟ್ಟಿ, ಕೆನರಾದಲ್ಲಿ (ಈಗಿನ ಕರ್ನಾಟಕ ಕರಾವಳಿ) ಸೇವೆ ಮಾಡಿ, ಶ್ರೀಲಂಕಾದಲ್ಲಿ ತೀರಿಕೊಂಡವರು ಅವರು. 2015ರಲ್ಲಿ ಸಂತರೆಂದು ಘೋಷಿತರಾದರು. ಮಂಜೇಶ್ವರದ ಕಡೆಯವರಿಗೆ ಇದು ಅರ್ಧ ದಿನದ ಕೆಲಸ. ಇನ್ನೂ ಹತ್ತಿರದ ವಯಸ್ಸಿನವರು ಬೇಕೆಂದರೆ 15ನೇ ವಯಸ್ಸಿಗೆ ತೀರಿಕೊಂಡ, 2025ರ ಸೆಪ್ಟೆಂಬರಿನಲ್ಲಿ ಸಂತರಾದ ಕಾರ್ಲೊ ಅಕುತಿಸ್ ಇದ್ದಾರೆ. ಕಂಪ್ಯೂಟರ್ ಪ್ರೀತಿಸಿದ ಹುಡುಗ ಎಂದರೆ ಮಕ್ಕಳು ಕುರ್ಚಿಯ ತುದಿಗೆ ಬರುತ್ತಾರೆ.

ಈ ದಾರಿ ವರ್ಷಕ್ಕೆ ಐದಾರು ಸಲ ಸಾಕು. ಪ್ರತಿ ವಾರ ಚಟುವಟಿಕೆ ಮಾಡಹೊರಟರೆ ಟೀಚರ್ ಸುಸ್ತು, ಪಾಠ ಬಾಕಿ. ಬಣ್ಣ ಹಚ್ಚಿದ್ದು ನೆನಪಿರುತ್ತದೆ, ಯಾಕೆ ಎಂಬುದು ಮರೆತಿರುತ್ತದೆ.

ವಿಡಿಯೋ, ಶಾಲೆ, ಮನೆ

ಮೊಬೈಲ್ ವಿಡಿಯೋ ಐದು ನಿಮಿಷದ ಸಹಾಯಕ. ಅದನ್ನೇ ಟೀಚರ್ ಮಾಡಬೇಡಿ. ತೋರಿಸುವ ಮೊದಲು ನೀವು ಪೂರ್ತಿ ನೋಡಿರಿ. ಕ್ರೈಸ್ತ ವಿಡಿಯೋ ಎಂದ ಮಾತ್ರಕ್ಕೆ ಕಥೋಲಿಕ ಬೋಧನೆ ಆಗಿರುವುದಿಲ್ಲ. ಮರಿಯಮ್ಮ, ಸಂತರು, ಪರಮಪ್ರಸಾದ ಇವುಗಳ ಬಗ್ಗೆ ಬೇರೆಯದೇ ಹೇಳುವ ವಿಡಿಯೋಗಳು ಎಷ್ಟೋ ಇವೆ.

ಶಾಲೆಯಲ್ಲಿ ವಾರದ ದಿನ ಕಲಿಸಬಹುದಾ ಎಂದು ಕೇಳುವವರಿದ್ದಾರೆ. ಪೂರ್ತಿ ಸರ್ಕಾರಿ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇಲ್ಲ, ಸಂವಿಧಾನದ 28ನೇ ವಿಧಿ ಸ್ಪಷ್ಟ. ಚರ್ಚು ನಡೆಸುವ ಅನುದಾನಿತ ಶಾಲೆಯಲ್ಲಿ ಮಾಡಬಹುದು, ಆದರೆ ಮಗುವಿನ ಹೆತ್ತವರ ಒಪ್ಪಿಗೆ ಬೇಕು, ಯಾರನ್ನೂ ಬಲವಂತವಾಗಿ ಕೂರಿಸುವಂತಿಲ್ಲ. ಹಾಜರಿ ಚೆನ್ನಾಗಿರುತ್ತದೆ ಎಂಬುದು ಇದರ ಲಾಭ. ಭಾನುವಾರದ ಪೂಜೆಯಿಂದ ಪಾಠ ಬೇರೆಯಾಗುವುದು, ಅಂಕದ ವಿಷಯವಾಗಿ ಕಾಣುವುದು ಇದರ ನಷ್ಟ.

ಮನೆಯ ಬಗ್ಗೆ ಹೆಚ್ಚು ಹೇಳಬೇಕು. ಮಕ್ಕಳಿಗೆ ವಿಶ್ವಾಸ ಕಲಿಸುವ ಹೊಣೆ ಎಲ್ಲರಿಗಿಂತ ಮೊದಲು ಹೆತ್ತವರದ್ದು ಎಂದು ಸಭೆಯ ಕಾನೂನೇ ಹೇಳುತ್ತದೆ. ಹಾಗಾಗಿ "ಮನೆಯಲ್ಲಿ ಕಲಿಸಿದರೆ ಆಗುತ್ತದಾ?" ಎಂಬ ಪ್ರಶ್ನೆಗೆ ನನ್ನ ಉತ್ತರ: ಕಲಿಸಲೇಬೇಕು. ಆದರೆ ಮನೆ ಮಾತ್ರ ಸಾಲದು. ಈ ವಯಸ್ಸಿನ ಮಗುವಿಗೆ ಜೊತೆಯವರು ಬೇಕು. ತನ್ನಂತೆಯೇ ನಂಬುವ, ತನ್ನಂತೆಯೇ ಅನುಮಾನಪಡುವ ನಾಲ್ಕು ಮಕ್ಕಳನ್ನು ನೋಡಬೇಕು. ಚರ್ಚ್ ದೂರ ಇರುವವರು ವಾಳೆಯ (ಚರ್ಚಿನ ವಾರ್ಡಿನ) ಮಟ್ಟದಲ್ಲಿ ಸೇರಿ. ಮೂರು ನಾಲ್ಕು ಮನೆಯ ಮಕ್ಕಳು, ವಾಳೆಯ ಮುಖ್ಯಸ್ಥರಾದ ಗುರಿಕಾರರಿಗೆ ತಿಳಿಸಿ, ವಾರಕ್ಕೊಂದು ಮನೆಯಲ್ಲಿ, ಬಾಗಿಲು ತೆರೆದಿಟ್ಟು, ಇಬ್ಬರು ದೊಡ್ಡವರ ಎದುರು. ತಿಂಗಳಿಗೊಮ್ಮೆ ಚರ್ಚಿನ ಕ್ಲಾಸಿಗೆ ಹೋಗಿ ಲೆಕ್ಕ ಒಪ್ಪಿಸಿ. ಮಳೆಗಾಲದ ನಾಲ್ಕು ತಿಂಗಳಿಗೆ ಈ ವ್ಯವಸ್ಥೆ ಗಟ್ಟಿ.

ಹಾಗಾದರೆ ಯಾರಿಗೆ ಯಾವುದು?

ಮೊದಲ ವರ್ಷದ ಟೀಚರ್, ಸಮಯ ಕಡಿಮೆ: ಪಠ್ಯಪುಸ್ತಕದ ಪ್ರಶ್ನೋತ್ತರ ಹಿಡಿಯಿರಿ. ಮೂರು ವಾರಕ್ಕೊಮ್ಮೆ ಮಾತ್ರ ಶುಭಸಂದೇಶದ ಕ್ಲಾಸು ಮಾಡಿ. ಒಂದು ಡಬ್ಬಿ ಇಟ್ಟು ಮಕ್ಕಳಿಗೆ ಹೆಸರು ಬರೆಯದೆ ಪ್ರಶ್ನೆ ಹಾಕಲು ಹೇಳಿ. ಉತ್ತರ ಗೊತ್ತಿಲ್ಲದ ಚೀಟಿಯನ್ನು ಫಾದರ್ ಹತ್ತಿರ ಕೇಳಿ ಮುಂದಿನ ವಾರ ತನ್ನಿ. ಬೇರೇನೂ ಮಾಡದಿದ್ದರೂ ಆ ಡಬ್ಬಿಯನ್ನು ಬಿಡಬೇಡಿ.

ಅನುಭವ ಇರುವ ಟೀಚರ್, ಕ್ಲಾಸಿನಲ್ಲಿ ಹದಿನೈದಕ್ಕಿಂತ ಕಡಿಮೆ ಮಕ್ಕಳು: ಶುಭಸಂದೇಶವನ್ನು ಮುಖ್ಯ ಮಾಡಿ. ಸಂಸ್ಕಾರ ಮತ್ತು ಆಜ್ಞೆಗೆ ತಿಂಗಳಿಗೊಂದು ವಾರ ಮೀಸಲಿಡಿ.

ಐದು, ಆರು, ಏಳು ಒಟ್ಟಿಗೆ ಕೂರುವ ಸಣ್ಣ ಚರ್ಚು: ಬೈಬಲ್ ಕಥೆಯೇ ಸರಿ. ಸಣ್ಣವರು ಕಥೆ ಕೇಳಲಿ, ದೊಡ್ಡವರು ಅದೇ ಕಥೆಗೆ ಪ್ರಶ್ನೆ ತಯಾರಿಸಲಿ.

ದೃಢೀಕರಣದ ವರ್ಷ: ಪವಿತ್ರಾತ್ಮರ ಏಳು ವರಗಳು, ಜ್ಞಾನಸ್ನಾನದ ಪ್ರತಿಜ್ಞೆ ಇವಕ್ಕೆ ಕ್ರಮವಾದ ಪಾಠವೇ ಬೇಕು, ಜೊತೆಗೆ ಒಂದು ಸೇವೆ. ಹಾಸಿಗೆ ಹಿಡಿದ ಹಿರ್‍ಯರ ಮನೆಗೆ ಹೋಗಿ ಅವರ ಜೊತೆ ತೇರ್ಸ್ ಹೇಳಿ ಬರುವುದು ಸಾಕು. ಈ ವರ್ಷ ವಿಡಿಯೋ, ಬಣ್ಣ ಎಲ್ಲ ಹಿಂದೆ ಇರಲಿ.

ಇಂಗ್ಲಿಷ್ ಮೀಡಿಯಂ ಮಕ್ಕಳ ಹೆತ್ತವರು: ವಾರಕ್ಕೆ ಅರ್ಧ ಗಂಟೆ ಕನ್ನಡ ಲಿಪಿ ಓದಲು ಕಲಿಸಿ. ಒಂದೇ ವರ್ಷದಲ್ಲಿ ಕೊಂಕಣಿ ಪ್ರಾರ್ಥನೆ ಪುಸ್ತಕವೂ ಕನ್ನಡ ಬೈಬಲೂ ಎರಡೂ ತೆರೆದುಕೊಳ್ಳುತ್ತವೆ.

ಇನ್ನು ಖರ್ಚು. ಪಠ್ಯಪುಸ್ತಕ, ಒಂದು ನೋಟ್‌ಬುಕ್, ಒಂದು ಬೈಬಲ್, ಅಷ್ಟೇ. ಧರ್ಮಬೋಧನೆಯ ದೊಡ್ಡ ಗ್ರಂಥ ಇಂಗ್ಲಿಷಿನಲ್ಲಿ ವ್ಯಾಟಿಕನ್ನಿನ ಜಾಲತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತದೆ, ಟೀಚರಿಗೆ ಅದು ಸಾಕು. ಹಣ ಕಡಿಮೆ ಇದ್ದರೆ ಮಗುವಿಗೊಂದು ಬೈಬಲ್ ಬೇಡ, ಮನೆಗೊಂದು ಇರಲಿ. ಆದರೆ ಕೊಳ್ಳುವಾಗ ಎಚ್ಚರ. ಕಥೋಲಿಕ ಬೈಬಲಿನಲ್ಲಿ 73 ಪುಸ್ತಕಗಳು, ಪ್ರೊಟೆಸ್ಟೆಂಟ್ ಆವೃತ್ತಿಯಲ್ಲಿ 66. ಎರಡೂ ಕನ್ನಡದಲ್ಲಿ ಸಿಗುತ್ತವೆ, ಹೊರಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಪರಿವಿಡಿ ತೆಗೆದು ತೊಬೀತ, ಯೂದಿತ, ಮಕ್ಕಬಿಯರ ಹೆಸರು ಇದೆಯಾ ಎಂದು ನೋಡಿ, ಇದ್ದರೆ ಮಾತ್ರ ತೆಗೆದುಕೊಳ್ಳಿ.